ಕೊಳ್ಳೆ ಹೋದ ಮೇಲೂ ದಿಡ್ಡಿ ಬಾಗಿಲು ಹಾಕಬಹುದು

ನಮ್ಮ ಚಿಕ್ಕಪ್ಪ ನಿವೃತ್ತ ಮೇಷ್ಟ್ರು. ಪೇಟೆಗೆ ಹೋಗಿ ಬರಲು ಒಂದು ಹಳೇ ಸ್ಕೂಟರ್ ಇಟ್ಟುಕೊಂಡಿದ್ದಾರೆ. ಒಂದು ಸಂಜೆ ಅವರ ವಾಟ್ಸಾಪಿಗೆ ಸಂದೇಶ ಬಂತು. ಸ್ಕೂಟರಿನ ನಂಬರ್ ಸರಿಯಾಗಿಯೇ ಇತ್ತು. ಸಿಗ್ನಲ್ ದಾಟಿದ್ದೀರಿ, ದಂಡ 500 ರೂಪಾಯಿ, ಇವತ್ತೇ ಕಟ್ಟಿದರೆ ಅರ್ಧ. ಕೆಳಗೊಂದು ಫೈಲು. ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಡುವುದು ನಮ್ಮ ರಾಜ್ಯದಲ್ಲಿ ನಿಜವಾಗಿಯೂ ಉಂಟು. 2023ರಲ್ಲಿ ಕೊಟ್ಟಿದ್ದರು, 2025ರಲ್ಲೂ ಕೊಟ್ಟರು. ಚಿಕ್ಕಪ್ಪ ನಂಬಿದರು. ಯಾರಿದ್ದರೂ ನಂಬುತ್ತಿದ್ದರು.

ಆ ಫೈಲಿನ ಹೆಸರು 'ಎಪಿಕೆ' ಎಂದು ಮುಗಿಯುತ್ತಿತ್ತು. ಆಂಡ್ರಾಯ್ಡ್ ಫೋನಿನಲ್ಲಿ ಎಪಿಕೆ ಅಂದರೆ ಚಿತ್ರವಲ್ಲ, ರಸೀದಿಯಲ್ಲ, ಅದೊಂದು ಇಡೀ ಆ್ಯಪ್. ಒತ್ತಿದಾಗ ಫೋನ್ ಎಚ್ಚರಿಸಿತ್ತು: ಇದು ಪರಿಚಯವಿಲ್ಲದ ಮೂಲದಿಂದ ಬಂದಿದೆ, ಹಾಕಿಕೊಳ್ಳಲೇ? ಹೂಂ ಅಂದರು. ಆಮೇಲೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು. ಅದಕ್ಕೂ ಹೂಂ. ಇಲಾಖೆಯದೇ ಅನ್ನಿಸುವಂಥ ಪುಟ ತೆರೆದುಕೊಂಡಿತು. ಡೆಬಿಟ್ ಕಾರ್ಡಿನ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂದಿನ ಮೂರಂಕಿ ಎಲ್ಲ ತುಂಬಿದರು. 'ಸರ್ವರ್ ಬ್ಯುಸಿ' ಎಂದು ಬಂತು. ನಾಳೆ ನೋಡೋಣವೆಂದು ಊಟಕ್ಕೆ ಎದ್ದರು. ರಾತ್ರಿ ಒಂಬತ್ತೂ ಮುಕ್ಕಾಲರ ಸುಮಾರಿಗೆ ಮೂರು ಸಲವಾಗಿ 1,40,000 ರೂಪಾಯಿ ಹೊರಟುಹೋಯಿತು.

ಇಂಥ ಸುದ್ದಿ ಕೇಳಿದಾಗ 'ಖಾತೆ ಹ್ಯಾಕ್ ಆಯ್ತಂತೆ' ಅನ್ನುತ್ತೇವೆ. ಆ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಯಾರೋ ಬ್ಯಾಂಕಿನ ಗೋಡೆ ಕೊರೆದು ಒಳಗೆ ನುಗ್ಗಿದ ಹಾಗೆ ಕೇಳಿಸುತ್ತದೆ, ನಾವು ಮಾಡಬಹುದಾದ್ದು ಏನೂ ಇರಲಿಲ್ಲ ಅನ್ನಿಸುತ್ತದೆ. ಚಿಕ್ಕಪ್ಪನ ಪ್ರಕರಣದಲ್ಲಿ ಬ್ಯಾಂಕಿನ ಯಾವ ಬೀಗವೂ ಮುರಿದಿರಲಿಲ್ಲ. ಬೀಗದ ಎರಡು ಕೀಲಿಯೂ ಒಂದೇ ಫೋನಿನಲ್ಲಿ ಒಟ್ಟಿಗೆ ಕಳ್ಳನ ಕೈಗೆ ಸಿಕ್ಕಿತ್ತು, ಅಷ್ಟೆ.

ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೇ ದೃಢೀಕರಣ ಬೇಕೇ ಬೇಕು ಎಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿತು. ಕಾರ್ಡಿನ ವಿವರ ಒಂದು ಕೀಲಿ, ಫೋನಿಗೆ ಬರುವ ಓಟಿಪಿ ಇನ್ನೊಂದು. ಕಾರ್ಡ್ ಕದ್ದವನ ಹತ್ತಿರ ಫೋನ್ ಇರುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ಲೆಕ್ಕಾಚಾರ ಅದು. ಆದರೆ ಎಸ್ಸೆಮ್ಮೆಸ್ ಓದುವ ಅನುಮತಿ ಪಡೆದ ಆ್ಯಪ್ ಓಟಿಪಿಯನ್ನು ಸದ್ದಿಲ್ಲದೆ ಕಳ್ಳನಿಗೆ ಕಳಿಸುತ್ತದೆ. ಚಿಕ್ಕಪ್ಪ ಯಾರಿಗೂ ಓಟಿಪಿ ಹೇಳಲಿಲ್ಲ. 'ನಾನು ಯಾರಿಗೂ ಹೇಳಿಲ್ಲ ಮಾರಾಯ' ಎಂದು ನೂರು ಸಲ ಹೇಳಿದರು, ಅದು ನಿಜವೂ ಹೌದು. ಕಾರ್ಡಿನ ವಿವರದ ಜೊತೆ ಓಟಿಪಿ ಸೇರಿದರೆ ಅನೇಕ ಬ್ಯಾಂಕುಗಳಲ್ಲಿ ನೆಟ್‌ಬ್ಯಾಂಕಿಂಗಿನ ಪಾಸ್‌ವರ್ಡನ್ನೇ ಹೊಸದಾಗಿ ಬರೆದುಕೊಳ್ಳಬಹುದು. ಕಳ್ಳ ಮಾಡಿದ್ದೂ ಅದನ್ನೇ.

ಯುಪಿಐ ವಿಚಾರದಲ್ಲೂ ಎಲ್ಲ ಸುತ್ತುವುದು ಸಿಮ್ಮಿನ ಸುತ್ತಲೇ. ಹೊಸ ಫೋನಿನಲ್ಲಿ ಯುಪಿಐ ಆ್ಯಪ್ ಹಾಕಿದಾಗ ಅದು ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ಸನ್ನು ತಾನಾಗಿ ಕಳಿಸುತ್ತದೆ, ನೋಡಿರಬಹುದು. ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸಾಲು. ಈ ನಂಬರು, ಈ ಫೋನು, ಈ ಖಾತೆ ಮೂರನ್ನೂ ಒಂದೇ ದಾರದಲ್ಲಿ ಕಟ್ಟುವ ಗಂಟು ಅದು. ಆ ಸಾಲನ್ನು 'ಈ ನಂಬರಿಗೆ ಫಾರ್ವರ್ಡ್ ಮಾಡಿ' ಎಂದು ಯಾರಾದರೂ ಕೇಳಿದರೆ, ನಿಮ್ಮ ಖಾತೆಯನ್ನು ತನ್ನ ಫೋನಿಗೆ ಕಟ್ಟಿಕೊಳ್ಳಲು ಹೊರಟಿದ್ದಾನೆ ಎಂದೇ ಅರ್ಥ. ನಿಮ್ಮ ಹೆಸರಿನಲ್ಲಿ ಬದಲಿ ಸಿಮ್ ತೆಗೆಸಿಕೊಳ್ಳುವ ವಂಚನೆಯ ಗುರಿಯೂ ಇದೇ ಗಂಟು. ಟವರ್ ಚೆನ್ನಾಗಿರುವ ಜಾಗದಲ್ಲಿ ನಿಮ್ಮ ಫೋನಿಗೆ ಮಾತ್ರ ಗಂಟೆಗಟ್ಟಲೆ ಸಿಗ್ನಲ್ ಇಲ್ಲದಿದ್ದರೆ, ಬೇರೆ ಫೋನಿನಿಂದ ಸಿಮ್ ಕಂಪನಿಗೂ ಬ್ಯಾಂಕಿಗೂ ಕರೆ ಮಾಡುವುದೇ ಒಳ್ಳೆಯದು.

ಇನ್ನು ಪಿನ್. ಯುಪಿಐ ಪಿನ್ ಕೇಳುವ ಆ ಪುಟ ನೀವು ಬಳಸುವ ಆ್ಯಪಿನದಲ್ಲ, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮದ್ದು. ಅಂಕಿಗಳು ಅಲ್ಲಿಯೇ ಗೂಢಲಿಪಿಯಾಗಿ ಬ್ಯಾಂಕಿಗೆ ಹೋಗುತ್ತವೆ. ಆ ಪುಟ ಬಂದರೆ ಹಣ ಹೊರಗೆ ಹೋಗಲು ಸಿದ್ಧವಾಗಿ ನಿಂತಿದೆ ಅಂತ ತಿಳಿಯಬೇಕು. ಖಾತೆಯಲ್ಲಿ ಎಷ್ಟು ಹಣವಿದೆ ಎಂದು ನೋಡುವುದಕ್ಕೂ ಪಿನ್ ಕೇಳುತ್ತದೆ, ನಿಜ. ಆದರೆ ಹಣ ನಿಮ್ಮ ಖಾತೆಗೆ ಬರುವುದಕ್ಕೆ ಪಿನ್ ಯಾವತ್ತೂ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಹಳೇ ಸೋಫಾ ಮಾರಲು ಜಾಹೀರಾತು ಹಾಕಿದವರಿಗೆ 'ಅಡ್ವಾನ್ಸ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ಬರುತ್ತದೆ' ಎಂದು ಹೇಳಿ ದುಡ್ಡು ಹೊಡೆಯುವುದು ಈ ಒಂದು ಗೊಂದಲದ ಮೇಲೆಯೇ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ 'ಹಣ ಕೊಡಿ' ಎಂದು ಕೋರಿಕೆ ಕಳಿಸುವ ಸೌಲಭ್ಯವನ್ನು ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದು ಇಂಥ ವಂಚನೆ ತಡೆಯುವುದಕ್ಕೇ. ಕ್ಯೂಆರ್ ಮಾತ್ರ ಹಾಗೇ ಉಳಿದಿದೆ.

ಫೋನೇ ಇಲ್ಲದವರೂ ಸುರಕ್ಷಿತರಲ್ಲ. ಇದು ಕರ್ನಾಟಕದವರು ಮರೆಯಬಾರದ ಪಾಠ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಜನ ಒಬ್ಬರಾದ ಮೇಲೊಬ್ಬರು ಪೊಲೀಸರ ಹತ್ತಿರ ಬಂದರು. ಓಟಿಪಿ ಬಂದಿಲ್ಲ, ಲಿಂಕ್ ಒತ್ತಿಲ್ಲ, ಕರೆ ಬಂದಿಲ್ಲ, ಆದರೂ ಖಾತೆಯಿಂದ ಹಣ ಹೋಗಿದೆ. ಅವರಲ್ಲಿ ಹಲವರು ಸ್ವಲ್ಪ ದಿನದ ಹಿಂದೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದರು. ಕ್ರಯಪತ್ರದಲ್ಲಿ ಹೆಬ್ಬೆಟ್ಟಿನ ಗುರುತು, ಆಧಾರ್ ಸಂಖ್ಯೆ ಎರಡೂ ಇರುತ್ತವೆ. ಆ ಪತ್ರದ ಪ್ರತಿಯಿಂದ ಬೆರಳಚ್ಚಿನ ಅಚ್ಚು ತೆಗೆದು, ಆಧಾರ್ ಆಧಾರಿತ ಪಾವತಿಯ ಪುಟ್ಟ ಯಂತ್ರದ ಮೇಲೆ ಒತ್ತಿ ಹಣ ತೆಗೆದಿದ್ದರು.

ಆ ಯಂತ್ರ ಹುಟ್ಟಿದ್ದು ಒಳ್ಳೆಯ ಉದ್ದೇಶಕ್ಕೆ. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯಲ್ಲಿ ಪಿಂಚಣಿಯ ಅಜ್ಜಿ ಕಾರ್ಡು, ಪಿನ್ನು, ಓದುಬರಹ ಯಾವುದೂ ಇಲ್ಲದೆ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರನ ಹತ್ತಿರ ಬೆರಳಿಟ್ಟು ದುಡ್ಡು ಪಡೆಯಬೇಕು ಎಂಬುದು ಆಶಯ. ಆದರೆ ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳು ಬದಲಿಸಲಾಗುವುದಿಲ್ಲ. ಆಮೇಲೆ ನೋಂದಣಿ ಪತ್ರಗಳಲ್ಲಿ ಈ ವಿವರ ಮರೆಮಾಚುವ ಕ್ರಮ ಶುರುವಾಯಿತು. ಬೆರಳು ಜೀವಂತವೋ ಅಚ್ಚೋ ಎಂದು ಗುರುತಿಸುವ ವ್ಯವಸ್ಥೆಯನ್ನೂ ಆಧಾರ್ ಪ್ರಾಧಿಕಾರ ತಂದಿದೆ. ನಾವು ಮಾಡಬೇಕಾದ್ದು ಐದು ನಿಮಿಷದ ಕೆಲಸ: ಆಧಾರ್ ಆ್ಯಪಿನಲ್ಲಿ ಅಥವಾ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚು ಮೊದಲಾದ ಬಯೋಮೆಟ್ರಿಕ್ ಗುರುತುಗಳನ್ನು ಲಾಕ್ ಮಾಡಿಡುವುದು. ಬೆರಳಿಡುವ ಕೆಲಸ ಬಿದ್ದಾಗ ತೆರೆದು, ಮುಗಿದ ಮೇಲೆ ಮತ್ತೆ ಮುಚ್ಚಬಹುದು. ಆಸ್ತಿ ನೋಂದಣಿಗೆ ಹೋಗುವ ಮನೆಯವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಹಾಗಾದರೆ ಬ್ಯಾಂಕಿನ ಗೋಡೆಯನ್ನೇ ಕೊರೆದದ್ದು ಇಲ್ಲವೇ ಇಲ್ಲವೇ? ಇದೆ. ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಲ್ಲಿ 2018ರ ಆಗಸ್ಟ್ 11ರಂದು ಆಗಿದ್ದು ಅದೇ. ಎಟಿಎಂನಲ್ಲಿ ಕಾರ್ಡ್ ಹಾಕಿದಾಗ 'ಈ ಖಾತೆಯಲ್ಲಿ ಹಣ ಇದೆಯೇ, ಕೊಡಲೇ?' ಎಂಬ ಪ್ರಶ್ನೆ 'ಸ್ವಿಚ್' ಎಂಬ ನಡುವಿನ ಕಂಪ್ಯೂಟರ್ ವ್ಯವಸ್ಥೆಯ ಮೂಲಕ ಬ್ಯಾಂಕಿನ ಮುಖ್ಯ ಕಂಪ್ಯೂಟರಿಗೆ ಹೋಗುತ್ತದೆ. ಕಳ್ಳರು ಮಾಲ್‌ವೇರ್ ಎಂಬ ಕೇಡಿನ ತಂತ್ರಾಂಶ ಬಿಟ್ಟು ನಡುವೆ ಸುಳ್ಳು ಸ್ವಿಚ್ಚೊಂದನ್ನು ನಿಲ್ಲಿಸಿದರು. ಮುಖ್ಯ ಕಂಪ್ಯೂಟರನ್ನು ಕೇಳದೆಯೇ ಅದು 'ಕೊಡು, ಕೊಡು' ಎನ್ನುತ್ತಾ ಹೋಯಿತು. ನಕಲಿ ಕಾರ್ಡುಗಳಿಂದ 28 ದೇಶಗಳ ಎಟಿಎಂಗಳಲ್ಲಿ ಸುಮಾರು 78 ಕೋಟಿ, ಭಾರತದೊಳಗೆ ಎರಡೂವರೆ ಕೋಟಿ, ಮತ್ತೆ ಆಗಸ್ಟ್ 13ರಂದು ಬ್ಯಾಂಕುಗಳ ನಡುವಿನ ಅಂತರರಾಷ್ಟ್ರೀಯ ಸ್ವಿಫ್ಟ್ ಜಾಲದ ಮೂಲಕ ಹಾಂಗ್‌ಕಾಂಗಿಗೆ ಸುಮಾರು 14 ಕೋಟಿ, ಒಟ್ಟು 94 ಕೋಟಿ ರೂಪಾಯಿ ಹೋಯಿತು. ಆದರೆ ಹೋದದ್ದು ಬ್ಯಾಂಕಿನ ಹಣ, ಠೇವಣಿದಾರರ ಖಾತೆಯಿಂದ ಏನೂ ಕಡಿಮೆಯಾಗಿಲ್ಲ ಎಂದು ಬ್ಯಾಂಕ್ ಹೇಳಿತು. ಗೋಡೆ ಕೊರೆದಾಗ ನಷ್ಟ ಬ್ಯಾಂಕಿನದಾಗುತ್ತದೆ. ಕೀಲಿಯನ್ನು ನಮ್ಮಿಂದಲೇ ಇಸಿದುಕೊಂಡಾಗ ನಷ್ಟ ನಮ್ಮ ತಲೆಯ ಮೇಲೆ ಬೀಳುತ್ತದೆ. ಕಳ್ಳರು ಗೋಡೆ ಬಿಟ್ಟು ಮನುಷ್ಯರ ಹಿಂದೆ ಬಿದ್ದಿರುವುದಕ್ಕೆ ಒಂದು ಕಾರಣ ಗೋಡೆ ಗಟ್ಟಿಯಾಗುತ್ತಿರುವುದು. ಇನ್ನೊಂದು, ಒಂಟಿ ಮನುಷ್ಯನ ಬೆನ್ನಿಗೆ ಬ್ಯಾಂಕಿಗಿರುವಷ್ಟು ಬಲ ಇಲ್ಲದಿರುವುದು. ಇಲ್ಲೇ ಒಂದು ಮಾತು: ಐದು ಲಕ್ಷದ ಠೇವಣಿ ವಿಮೆ ಇದೆಯಲ್ಲ ಎಂದು ಕೆಲವರು ಧೈರ್ಯದಲ್ಲಿರುತ್ತಾರೆ. ಆ ವಿಮೆ ಬ್ಯಾಂಕ್ ಮುಳುಗಿದರೆ ಮಾತ್ರ. ವಂಚನೆಗೆ ಅನ್ವಯಿಸುವುದಿಲ್ಲ.

'ಡಿಜಿಟಲ್ ಅರೆಸ್ಟ್' ಬಗ್ಗೆ ಈಗಾಗಲೇ ಎಲ್ಲರೂ ಕೇಳಿದ್ದೀರಿ, ಹಾಗಾಗಿ ಹೆಚ್ಚು ಹೇಳುವುದಿಲ್ಲ. ಪೊಲೀಸ್ ಸಮವಸ್ತ್ರ ತೊಟ್ಟವನು ವಿಡಿಯೋ ಕರೆಯಲ್ಲಿ ಕೂತು ದಿನಗಟ್ಟಲೆ ಹೆದರಿಸುತ್ತಾನೆ, ಹೆದರಿದವರು ತಾವೇ ಬ್ಯಾಂಕಿಗೆ ಹೋಗಿ ಆರ್‌ಟಿಜಿಎಸ್ ಮೂಲಕ ಹಣ ಕಳಿಸುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನ ಅನ್ನುವುದೇ ಇಲ್ಲ. ಈ ವಂಚನೆಗೆ ಯಾವ ಪಾಸ್‌ವರ್ಡೂ ಅಡ್ಡ ಬರುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಹೇಳಿದರೆ ಅರ್ಧ ಬಲೆ ಹರಿದ ಹಾಗೆ, ಅದಕ್ಕೇ ಅವರು ಮೊದಲು 'ಯಾರಿಗೂ ಹೇಳಬೇಡ' ಅನ್ನುವುದು.

ಈಗ ನಾನು ಇಷ್ಟೆಲ್ಲ ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತದೆ ನಮ್ಮ ಗಾದೆ. ಬ್ಯಾಂಕ್ ವಂಚನೆಯಲ್ಲಿ ಆ ಗಾದೆ ಪೂರ್ತಿ ಸರಿಯಲ್ಲ. ನಿಮ್ಮ ಖಾತೆಯಿಂದ ಹೊರಟ ಹಣ ಆ ಕ್ಷಣಕ್ಕೆ ಇನ್ನೂ ಕೋಟೆಯೊಳಗೇ ಇರುತ್ತದೆ. ಅದು ಹೋಗಿರುವುದು ಇನ್ನೊಂದು ಬ್ಯಾಂಕ್ ಖಾತೆಗೆ. ಕಳ್ಳನ ಸ್ವಂತ ಖಾತೆಯಂತೂ ಆಗಿರುವುದಿಲ್ಲ. ತಿಂಗಳಿಗೆ ಇಷ್ಟು ಕೊಡುತ್ತೇನೆಂದು ಕಾಲೇಜು ಹುಡುಗನಿಂದಲೋ ಕೂಲಿ ಮಾಡುವವನಿಂದಲೋ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಸಮೇತ ಪಡೆದ ಬಾಡಿಗೆ ಖಾತೆ ಅದು. ಪೊಲೀಸರು, ಬ್ಯಾಂಕಿನವರು 'ಮ್ಯೂಲ್ ಅಕೌಂಟ್' ಅನ್ನುತ್ತಾರೆ. ಅಲ್ಲಿಂದ ಎರಡಾಗಿ, ನಾಲ್ಕಾಗಿ ಒಡೆದು ಬೇರೆ ಬೇರೆ ಊರಿನ ಬಾಡಿಗೆ ಖಾತೆಗಳಿಗೆ ಹೋಗುತ್ತದೆ. ಕೊನೆಗೆ ಯಾರೋ ಎಟಿಎಂನಿಂದ ತೆಗೆಯುತ್ತಾರೆ, ಇಲ್ಲವೇ ಕ್ರಿಪ್ಟೋ ಆಗಿ ದೇಶ ದಾಟುತ್ತದೆ. ಹಾಗೆ ದಾಟುವ ತನಕ ಪ್ರತಿ ಮೆಟ್ಟಿಲಿನಲ್ಲೂ ಅದನ್ನು ಹಿಡಿದು ನಿಲ್ಲಿಸಬಹುದು.

ನಿಲ್ಲಿಸುವ ಸಂಖ್ಯೆ 1930. ಕೇಂದ್ರ ಗೃಹ ಸಚಿವಾಲಯ 2021ರಲ್ಲಿ ಶುರು ಮಾಡಿದ ವ್ಯವಸ್ಥೆ ಇದು. ನೀವು ಕರೆ ಮಾಡಿದಾಗ ಪೊಲೀಸ್ ಸಿಬ್ಬಂದಿ ಕೇಳುವುದು ಕೆಲವೇ ಸಂಗತಿ: ನಿಮ್ಮ ಬ್ಯಾಂಕ್, ಖಾತೆ ಸಂಖ್ಯೆ, ಎಷ್ಟು ಹೊತ್ತಿಗೆ ಎಷ್ಟು ಹಣ, ಮತ್ತು ವ್ಯವಹಾರದ ಸಂಖ್ಯೆ. ಬ್ಯಾಂಕಿನ ಎಸ್ಸೆಮ್ಮೆಸ್ಸಿನಲ್ಲಿ ಯುಟಿಆರ್ ಅಥವಾ ರೆಫ್ ಎಂಬ ಮಾತಿನ ಮುಂದೆ ಇರುವ ಉದ್ದನೆಯ ಸಂಖ್ಯೆಯೇ ಅದು. ಯುಪಿಐ ಆದರೆ ಹನ್ನೆರಡು ಅಂಕಿ. ಹಣದ ಜಾಡು ಹಿಡಿಯಲು ಇರುವ ಎಳೆ ಅದೊಂದೇ, ಆದ್ದರಿಂದ ಗಾಬರಿಯಲ್ಲಿ ಎಸ್ಸೆಮ್ಮೆಸ್ ಅಳಿಸಬೇಡಿ. ದೂರು ಕಂಪ್ಯೂಟರಿಗೆ ಏರಿದ ಕೂಡಲೇ ನಿಮ್ಮ ಬ್ಯಾಂಕಿಗೆ ಕಾಣುತ್ತದೆ, ಅಲ್ಲಿಂದ ಹಣ ಹೋದ ಬ್ಯಾಂಕಿಗೆ ಕಾಣುತ್ತದೆ. ಹಣ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಮುಂದೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ದೂರು ಹಿಂಬಾಲಿಸುತ್ತದೆ. ಹಣದ ಓಟಕ್ಕೂ ದೂರಿನ ಓಟಕ್ಕೂ ಪಂದ್ಯ. ಪೊಲೀಸರು ಮೊದಲ ಗಂಟೆಯನ್ನು 'ಗೋಲ್ಡನ್ ಅವರ್' ಅನ್ನುವುದು ಇದಕ್ಕೇ. ಕರೆ ಮುಗಿದ ಮೇಲೆ ನಿಮ್ಮ ಫೋನಿಗೆ ಒಂದು ಸ್ವೀಕೃತಿ ಸಂಖ್ಯೆ ಬರುತ್ತದೆ. ಅದನ್ನಿಟ್ಟುಕೊಂಡು 24 ಗಂಟೆಯೊಳಗೆ ರಾಷ್ಟ್ರೀಯ ಸೈಬರ್ ಅಪರಾಧ ದೂರು ಜಾಲತಾಣದಲ್ಲಿ ಪೂರ್ತಿ ವಿವರ ತುಂಬಬೇಕು.

ನಮ್ಮ ಚಿಕ್ಕಪ್ಪ ಆ ಗಂಟೆಯಲ್ಲಿ ಏನು ಮಾಡುತ್ತಿದ್ದರು ಗೊತ್ತೇ? ದೀಪ ಆರಿಸಿ ಕೂತಿದ್ದರು. ಚಿಕ್ಕಮ್ಮನಿಗೂ ಹೇಳಲಿಲ್ಲ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ಹೀಗೆ ಮೋಸ ಹೋದೆನಲ್ಲ ಎಂಬ ನಾಚಿಕೆ. ನನಗೆ ಫೋನ್ ಬಂದಾಗ ಬೆಳಗಿನ ಏಳು ಗಂಟೆ. ಅಷ್ಟು ಹೊತ್ತಿಗೆ ಹಣ ಓಡಿಯಾಗಿತ್ತು. ಕಳ್ಳನ ಯಾವ ತಂತ್ರಕ್ಕಿಂತಲೂ ಈ ನಾಚಿಕೆಯೇ ನಮ್ಮ ಜನರ ದುಡ್ಡನ್ನು ಹೆಚ್ಚು ನುಂಗಿದೆ ಎಂದು ನನಗೆ ಅನ್ನಿಸುತ್ತದೆ. ಮನೆಯ ಹಿರಿಯರು ಮೋಸ ಹೋದಾಗ 'ಅಷ್ಟೂ ಗೊತ್ತಾಗಲಿಲ್ವಾ' ಎಂದು ರೇಗುತ್ತೇವಲ್ಲ, ಮುಂದಿನ ಸಲ ಅವರು ಹೇಳದೆ ಬಚ್ಚಿಡುವುದಕ್ಕೆ ಆ ಮಾತು ಸಾಕು.

ಬ್ಯಾಂಕಿನ ಹೊಣೆ ಎಷ್ಟು? ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದನ್ನು ಬಿಡಿಸಿ ಹೇಳಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ಒಂದು ಪೈಸೆಯ ನಷ್ಟವೂ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎನ್ನುವಾಗ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೂ ನಷ್ಟವಿಲ್ಲ. ನಾಲ್ಕರಿಂದ ಏಳನೇ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗ್ರಾಹಕನ ಪಾಲಿನ ನಷ್ಟ ಹೆಚ್ಚೆಂದರೆ 10,000 ರೂಪಾಯಿ. ಗ್ರಾಹಕನೇ ಗುಟ್ಟಿನ ವಿವರ ಬಿಟ್ಟುಕೊಟ್ಟಿದ್ದರೆ ತಿಳಿಸುವ ತನಕದ ನಷ್ಟ ಅವನದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ತಪ್ಪು ಗ್ರಾಹಕನದು ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೇ ಇದೆ. ಈ ಕೊನೆಯ ಮಾತನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಅದಕ್ಕೇ 1930ಕ್ಕೆ ಕರೆ ಮಾಡಿದ ಮೇಲೆ ಬ್ಯಾಂಕಿಗೂ ಬೇರೆಯಾಗಿ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು, ಶಾಖೆಗೆ ಬರಹದಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಬೇಕು. ಬ್ಯಾಂಕಿನ ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ ಮೂವತ್ತು ದಿನವಾದರೂ ಉತ್ತರವೇ ಬರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ ಇದ್ದಾರೆ. ಅಲ್ಲಿ ದೂರಿಗೆ ಶುಲ್ಕವಿಲ್ಲ.

ವ್ಯವಸ್ಥೆಯೂ ಕೈಕಟ್ಟಿ ಕೂತಿಲ್ಲ. ಬಾಡಿಗೆ ಖಾತೆಗಳನ್ನು ಅವುಗಳ ನಡವಳಿಕೆಯಿಂದಲೇ ಗುರುತಿಸುವ 'ಮ್ಯೂಲ್‌ಹಂಟರ್' ಎಂಬ ತಂತ್ರಾಂಶ ರೂಪುಗೊಂಡದ್ದು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್‌ನಲ್ಲಿ. ತಿಂಗಳುಗಟ್ಟಲೆ ಸಾವಿರ ರೂಪಾಯಿ ಕಾಣದ ಖಾತೆಗೆ ದಿಢೀರನೆ ಲಕ್ಷಗಳು ಬಂದು, ನಿಮಿಷಗಳಲ್ಲಿ ಖಾಲಿಯಾದರೆ ಅದು ಅನುಮಾನದ ಲಕ್ಷಣ. ಬ್ಯಾಂಕುಗಳ ಜಾಲತಾಣಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ವಿಳಾಸ ಓದುವಾಗ ಆರಂಭದ 'https://' ಬಿಟ್ಟು, ಆಮೇಲೆ ಮೊದಲ ಓರೆಗೆರೆ (/) ಬರುವ ಜಾಗದಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದಿ. ಮೊದಲು 'ಇನ್', ಅದರ ಎಡಕ್ಕೆ 'ಬ್ಯಾಂಕ್' ಸಿಗಬೇಕು. ಬ್ಯಾಂಕಿನ ಹೆಸರು ಎಡ ತುದಿಯಲ್ಲಿ ಎಷ್ಟು ಚೆಂದವಾಗಿ ಕಂಡರೂ ಅದಕ್ಕೆ ಬೆಲೆಯಿಲ್ಲ, ಎಡ ತುದಿಯಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಎರಡು ಹಂತದ ದೃಢೀಕರಣದ ಹೊಸ ನಿಯಮಗಳಿಗೆ 2026ರ ಏಪ್ರಿಲ್ 1ರ ಗಡುವು ಇಟ್ಟಿದ್ದರು. ಎಸ್ಸೆಮ್ಮೆಸ್ ಓಟಿಪಿಯೊಂದನ್ನೇ ನೆಚ್ಚಿಕೊಳ್ಳದೆ ಬೇರೆ ವಿಧಾನಗಳತ್ತ ಬ್ಯಾಂಕುಗಳನ್ನು ಒಯ್ಯುವುದು ಅದರ ಒಂದು ಉದ್ದೇಶ. ಚಿಕ್ಕಪ್ಪನಿಗೆ ಆದದ್ದನ್ನು ನೋಡಿದ ಮೇಲೆ ಅದು ಎಷ್ಟು ಅಗತ್ಯವೆಂದು ನನಗೆ ಬೇರೆ ಯಾರೂ ಹೇಳಬೇಕಿಲ್ಲ.

ಮನೆಯಲ್ಲಿ ನಾವು ಬದಲಿಸಿಕೊಂಡದ್ದು ಕೆಲವೇ. ಪಿಂಚಣಿ ಬರುವ ಖಾತೆಗೆ ಈಗ ಯುಪಿಐ ಇಲ್ಲ. ಪೇಟೆಯ ಖರ್ಚಿಗೆ ಬೇರೆ ಖಾತೆ, ಅದರಲ್ಲಿ ನಾಲ್ಕೈದು ಸಾವಿರಕ್ಕಿಂತ ಹೆಚ್ಚು ಇಡುವುದಿಲ್ಲ. ಕಾರ್ಡಿನಲ್ಲಿ ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಎರಡೂ ಬಂದ್. ಬ್ಯಾಂಕಿನ ಆ್ಯಪಿನಲ್ಲೇ ಅದರ ಗುಂಡಿ ಇದೆ, 2020ರಿಂದ ಎಲ್ಲ ಬ್ಯಾಂಕುಗಳೂ ಕೊಡಲೇಬೇಕು. ನೆಟ್‌ಬ್ಯಾಂಕಿಂಗಿನ ದಿನದ ಮಿತಿಯನ್ನು ಹತ್ತು ಸಾವಿರಕ್ಕೆ ಇಳಿಸಿದೆವು. ಎಸ್ಸೆಮ್ಮೆಸ್ ಓದುವ ಅನುಮತಿ ಯಾವ್ಯಾವ ಆ್ಯಪಿಗೆ ಇದೆ ಎಂದು ಸೆಟ್ಟಿಂಗ್ಸಿನಲ್ಲಿ ನೋಡಿದಾಗ ಟಾರ್ಚ್ ಆ್ಯಪಿಗೂ ಇತ್ತು, ತೆಗೆದು ಹಾಕಿದೆವು. ಓಟಿಪಿ ಬಂದಾಗ ಅಂಕಿ ನೋಡುವ ಮೊದಲು ಸಾಲು ಓದುವ ಅಭ್ಯಾಸ ಚಿಕ್ಕಪ್ಪನಿಗೆ ಬಂದಿದೆ: ಯಾವುದಕ್ಕೆ, ಎಷ್ಟು ರೂಪಾಯಿಗೆ ಎಂದು ಅದರಲ್ಲೇ ಬರೆದಿರುತ್ತದೆ.

ಅವರ 1,40,000ದಲ್ಲಿ 52,000 ರೂಪಾಯಿ ಎರಡನೇ ಮೆಟ್ಟಿಲಿನ ಒಂದು ಖಾತೆಯಲ್ಲಿ ಸಿಕ್ಕಿಬಿತ್ತು. ಉಳಿದದ್ದು ರಾತ್ರಿ ಹನ್ನೊಂದರೊಳಗೇ ಎಟಿಎಂಗಳಿಂದ ಹೊರಬಿದ್ದಿತ್ತು. ತಡೆಹಿಡಿದ ಹಣವೂ ತಾನಾಗಿ ವಾಪಸ್ ಬರಲಿಲ್ಲ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ಎಫ್‌ಐಆರ್ ಆಯಿತು, ಪಾಸ್‌ಬುಕ್ ಪ್ರತಿ, 1930ರ ಸ್ವೀಕೃತಿ, ಆಧಾರ್ ಜೋಡಿಸಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದೆವು. ನ್ಯಾಯಾಲಯದ ಆದೇಶ ಬ್ಯಾಂಕಿಗೆ ತಲುಪಿ ದುಡ್ಡು ಖಾತೆಗೆ ಬರುವಾಗ ಐದು ತಿಂಗಳಾಗಿತ್ತು. ಬಂದ ದಿನ ಚಿಕ್ಕಪ್ಪ ಎಸ್ಸೆಮ್ಮೆಸ್ಸನ್ನು ಎರಡು ಸಲ ಓದಿ, ಇದು ನಿಜವೋ ಸುಳ್ಳೋ ಎಂದು ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಿ ನೋಡಿಕೊಂಡು ಬಂದರು.